ಬೀಗಿತ್ತಿಯನ್ನು ಬೈಯುವವರು ಬೇಕಾಗಿದ್ದಾರೆ

ನನ್ನ ದನಿಯ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ಮೋಸ ಹೋದೆವು ಅನ್ನಬಾರದು. ಯಲ್ಲದಕೆರೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಚಂದ್ರಕ್ಕ ನಾನು. ಅನ್ನ ಬೆಂದ ಮೇಲೆ ಬಾಗಿಲಿಗೆ ಬಂದು "ಬರ್ರೋ" ಎಂದು ಒಂದು ಕೂಗು ಹಾಕಿದರೆ ಮಕ್ಕಳು ತಟ್ಟೆ ಹಿಡಿದು ಬರುತ್ತಾರೆ, ಆಚೆ ಹೊಲದಲ್ಲಿ ಈರುಳ್ಳಿ ಕೀಳುತ್ತಿರುವವರೂ ಊಟಕ್ಕೆ ಏಳುತ್ತಾರೆ. ಶಾಲೆಯ ಗಂಟೆ ಒಡೆದಾಗ ಹೆಡ್‌ಮಾಸ್ಟರು ಹೊಸದು ತರಿಸುವ ಗೋಜಿಗೇ ಹೋಗಲಿಲ್ಲ. ಇಂಥ ಗಂಟಲು ಇಟ್ಟುಕೊಂಡು ನಾನು ಮದುವೆಗಳಲ್ಲಿ ಹಾಡುವವಳು ಅಂದರೆ ನಿಮಗೆ ನಗು ಬರುತ್ತದೆ. ನಗಿ, ನಮ್ಮತ್ತೆಯೂ ನಕ್ಕಿದ್ದರು.

ನಾನು ಹಾಡುತ್ತಿದ್ದದ್ದು ದೇವರ ಹಾಡಲ್ಲ, ಬೀಗರ ಹಾಡು. ಧಾರೆ ಮುಗಿದ ಮೇಲೆ ಮದುಮಕ್ಕಳ ಜೊತೆ ಗಂಡಿನ ತಾಯಿಯೂ ಒಂದೇ ಸಾಲಿನಲ್ಲಿ ಉಣ್ಣಲು ಕೂರುತ್ತಾಳಲ್ಲ, ಅದು ಭೂಮದೂಟ. ಆಗ ಹೆಣ್ಣಿನ ಕಡೆಯ ಹೆಂಗಸರು ಎದುರಿಗೆ ನಿಂತು ಆ ಬೀಗಿತ್ತಿಯನ್ನು ಹಾಡಿನಲ್ಲೇ ಬೈಯಬೇಕು. ಅವಳ ಮೂಗು, ನಡಿಗೆ, ಜಿಪುಣತನ, ಯಾವುದನ್ನೂ ಬಿಡಬಾರದು. ಅವಳು ಮುಖ ಊದಿಸಿಕೊಳ್ಳಬಾರದು, ತಾಕತ್ತಿದ್ದರೆ ಹಾಡಿನಲ್ಲೇ ತಿರುಗಿಸಿ ಕೊಡಬೇಕು. ಈ ಕೆಲಸಕ್ಕೆ ಇಂಪು ಬೇಡ, ಬಾಯಿ ಬೇಕು. ಅದನ್ನು ದೇವರು ನನಗೆ ಧಾರಾಳವಾಗಿ ಕೊಟ್ಟಿದ್ದ. ಪಕ್ಕದ ಮನೆಯ ಬಸಮ್ಮ ಸೊಲ್ಲು ಹಿಡಿಯುತ್ತಿದ್ದಳು, ನಾನು ಬೈಯುತ್ತಿದ್ದೆ. ಹಿರಿಯೂರಿನಿಂದ ಹೊಸದುರ್ಗದವರೆಗೆ ನನ್ನ ಬಾಯಿಗೆ ಸಿಕ್ಕಿದ ಬೀಗಿತ್ತಿಯರಿಗೆ ಲೆಕ್ಕವಿಲ್ಲ. ಬೈಸಿಕೊಂಡವರೇ ಆಮೇಲೆ ಬಂದು ನಮ್ಮ ಮಡಿಲಿಗೆ ಎಲೆ ಅಡಿಕೆ ಹಾಕಿ ಹೋಗುತ್ತಿದ್ದರು.

ನಮ್ಮ ಯಜಮಾನರದು ನನಗೆ ತದ್ವಿರುದ್ಧ ಸ್ವಭಾವ. ಅವರ ಹೆಸರು ಹೇಳುವ ಅಭ್ಯಾಸ ನನಗಿಲ್ಲ. ಮಾತು ಕಡಿಮೆ, ಯೋಚನೆ ಜಾಸ್ತಿ. ಒಂದು ಸಲ ಹಿರಿಯೂರು ಸಂತೆ ಮುಗಿಸಿಕೊಂಡು ಅವರ ಮೊಪೆಡ್ಡಿನ ಹಿಂದೆ ಕೂತು ಬರುತ್ತಿದ್ದೆ. ಊರ ಹತ್ತಿರ ಮೋರಿಯ ಹಂಪು ಬಂತು. ಗಾಡಿ ದಾಟಿತು, ನಾನು ದಾಟಲಿಲ್ಲ, ಕೈಚೀಲದ ಸಮೇತ ರಸ್ತೆಯಲ್ಲಿ ಕೂತಿದ್ದೆ. ಮಹಾರಾಯರಿಗೆ ಗೊತ್ತೇ ಆಗಲಿಲ್ಲ. ಮನೆಗೆ ಹೋಗಿ ಗಾಡಿ ನಿಲ್ಲಿಸಿ, ಹೆಂಡತಿ ಇಳಿದು ಹಿತ್ತಲಿಗೆ ಹೋಗಿರಬೇಕು ಎಂದುಕೊಂಡು ಜಗಲಿಯ ಮೇಲೆ ಕೂತರಂತೆ. ಎಷ್ಟು ಹೊತ್ತಾದರೂ ಟೀ ಬರದಿದ್ದಾಗ ಅನುಮಾನ ಬಂದದ್ದು. ತಿರುಗಿ ಬಂದು, ಮೋರಿ ಕಟ್ಟೆಯ ಮೇಲೆ ಸೊಂಟ ಹಿಡಿದು ಕೂತಿದ್ದ ನನ್ನನ್ನು ನೋಡಿ ಅವರು ಹೇಳಿದ್ದು ಒಂದೇ ಮಾತು:

"ಬೀಳಾ ಮುಂದೆ ಒಂದ್ ಮಾತು ಹೇಳಬಾರದೇನೆ?"

ಈ ಕಥೆ ಊರಿಗೆಲ್ಲ ಗೊತ್ತು, ಏಕೆಂದರೆ ಹೇಳಿದವಳು ನಾನೇ. ಯಾರ ಮನೆಗೆ ಹೋದರೂ "ಚಂದ್ರಕ್ಕ, ಆ ಗಾಡಿ ಕಥೆ ಹೇಳು" ಅನ್ನುತ್ತಿದ್ದರು. ಯಜಮಾನರು ಎದುರಿಗೇ ಕೂತು, ಬೇರೆ ಯಾರದೋ ಕಥೆ ಕೇಳುವವರ ಹಾಗೆ ನಗುತ್ತಿದ್ದರು.

ಆಮೇಲೆ ಒಂದು ಬೆಳಿಗ್ಗೆ ಮೋಟರು ಹಾಕಿ ಬರುತ್ತೇನೆಂದು ತೋಟಕ್ಕೆ ಹೋದವರು ಬರಲಿಲ್ಲ. ಎದೆನೋವಂತೆ. ಹೋಗಿ ನೋಡುವಷ್ಟರಲ್ಲಿ ಮುಗಿದಿತ್ತು. ಆವತ್ತಿನಿಂದ ಊರು ನನ್ನ ಜೊತೆ ಮಾತನಾಡುವ ಧಾಟಿಯೇ ಬದಲಾಯಿತು. ನನ್ನ ಸಾಂಬಾರಿಗೆ ಉಪ್ಪು ಜಾಸ್ತಿಯಾದರೆ ಮೊದಲೆಲ್ಲ "ಸಮುದ್ರ ಕಟ್ಟಿಕೊಂಡು ಬಂದ್ಯೇನೆ" ಎನ್ನುತ್ತಿದ್ದವರು ಈಗ ಸುಮ್ಮನೆ ಉಂಡು "ಪಾಪ" ಅಂದರು. ಬಸ್ಸಿನಲ್ಲಿ ಕಿಟಕಿ ಸೀಟಿಗೆ ನಾನು ಜಗಳಕ್ಕೆ ನಿಂತರೆ ಎದ್ದು ಬಿಟ್ಟುಕೊಟ್ಟು "ಪಾಪ" ಅಂದರು. ಜಗಳವಿಲ್ಲದೆ ಸಿಕ್ಕಿದ ಕಿಟಕಿಯಲ್ಲಿ ಏನು ಸುಖವಿದೆ? ಗಾಡಿ ಕಥೆಯನ್ನು ಯಾರೂ ಕೇಳಲಿಲ್ಲ. ನಾನಾಗಿ ತೆಗೆದರೆ ಮುಖ ತಗ್ಗಿಸುತ್ತಿದ್ದರು. ಮದುವೆಗೆ ಹಾಡಲು ಕರೆಯುವುದೂ ನಿಂತಿತು. ನನಗೆ ಸಿಟ್ಟು ಬರುತ್ತಿತ್ತು. ಸತ್ತದ್ದು ಅವರು, ನನ್ನನ್ನೂ ಅರ್ಧ ಹೂಳಿದ ಹಾಗೆ ಯಾಕೆ ನಡೆದುಕೊಳ್ಳುತ್ತಾರೆ ಇವರು?

ಹೀಗೇ ವರ್ಷಗಳು ಕಳೆದ ಮೇಲೆ ಮಗ ಕಲ್ಲೇಶನಿಗೆ ಹೊಳಲ್ಕೆರೆಯ ಹುಡುಗಿ ಗೊತ್ತಾದಳು. ಕಲ್ಲೇಶ ಹಿರಿಯೂರಿನಲ್ಲಿ ಲೈನ್‌ಮನ್. ಹುಡುಗಿ ದಿವ್ಯಾ, ಅವಳ ತಾಯಿ ದಾಕ್ಷಾಯಿಣಿ ಹೈಸ್ಕೂಲಿನಲ್ಲಿ ಟೀಚರು. ಮದುವೆಗೆ ಎಂಥ ಸಂಗೀತ ಇಡಬೇಕೆಂದು ನಮ್ಮ ಮನೆಯಲ್ಲಿ ಸಭೆ ಕೂತಿತು. ಹೆಸರಿಗೆ ಸಭೆ, ಮಾತನಾಡಿದವರು ಇಬ್ಬರೇ.

"ಸಿರಿಗೆರೆ ಕಡೆ ಹುಡುಗ್ರು ವಚನ ಬಾಳ ಚಂದ ಹಾಡ್ತಾರೆ, ಅವರನ್ನ ಕರ್ಸಾಣ," ಎಂದರು ಭಾವ ಮುರುಗಪ್ಪನವರು. ಯಜಮಾನರ ಅಣ್ಣ, ಮಠದ ಭಕ್ತರು, ನಕ್ಕರೆ ಹಲ್ಲು ಸವೆಯುತ್ತದೆ ಎನ್ನುವಂಥವರು.

"ಡಿಜೆ ಇಲ್ದಿದ್ರೆ ನನ್ ಫ್ರೆಂಡ್ಸ್ ಯಾರೂ ಬರಲ್ಲ, ದೊಡ್ಡಪ್ಪ," ಎಂದ ಕಲ್ಲೇಶ.

ಕೊನೆಗೆ ಹಿಂದಿನ ದಿನ ಸಂಜೆ ಡಿಜೆ, ಧಾರೆಗೆ ವಾಲಗ, ಊಟದ ಹೊತ್ತಿಗೆ ವಚನ ಎಂದು ಹಂಚಿಕೊಂಡರು.

"ಭೂಮಕ್ಕೆ?" ಎಂದೆ ನಾನು.

"ಸೋಬಾನೆ ಪದ ಪೆನ್‌ಡ್ರೈವ್‌ನಾಗೆ ಸಿಗ್ತವೆ, ಹಾಕಿಸಾಣ ಬಿಡವ್ವ," ಎಂದ ಮಗ.

"ಭೂಮಕ್ಕೆ ನಿಮ್ಮಕ್ಕ ಕೂರ್ತಾಳಮ್ಮ," ಎಂದರು ಭಾವ, ನೆಲ ನೋಡುತ್ತ. ಅಕ್ಕ ಎಂದರೆ ಅವರ ಹೆಂಡತಿ, ನನ್ನ ಓರಗಿತ್ತಿ. ಗಂಡ ಹೋದವಳು ಆ ಎಲೆಗೆ ಕೂರಬಾರದು, ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಊರ ಬೀಗಿತ್ತಿಯರನ್ನೆಲ್ಲ ಅಳಿಸಿದ ಬಾಯಿ ನನ್ನದು. ಅದಕ್ಕೆ ಆವತ್ತು ಬೀಗ ಬಿತ್ತು. ಒಳಗೆ ಹೋಗಿ ಚಿತ್ರಾನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ಯಾರೂ ಬೈಯಲಿಲ್ಲ.

ಮಾರನೆಯ ದಿನ ಮನಸ್ಸು ತಡೆಯದೆ ದಾಕ್ಷಾಯಿಣಿಯವರಿಗೆ ಫೋನು ಹಚ್ಚಿದೆ. "ಭೂಮದ ಹೊತ್ತಿಗೆ ನಿಮ್ ಕಡೆಯೋರು ನನ್ನ ನಾಕು ಮಾತು ಹಾಡ್ನಾಗೆ ಬೈರಿ," ಎಂದೆ. ನನಗೆ ಎಲ್ಲರ ಹಾಗೆ ಬೀಗಿತ್ತಿಯಾಗಬೇಕಿತ್ತು, ಅಷ್ಟೇ.

"ಅಯ್ಯೋ, ನಿಮ್ಮನ್ನ ಬೈಯೋದಾ? ಒಬ್ರೇ ನಿಂತು ಮಗನ್ನ ದಡ ಸೇರ್ಸಿದೋರು ನೀವು. ನನ್ನ ಬಾಯಾಗೆ ಬರಲ್ಲ ಕಣ್ರಿ. ಪಾಪ," ಎಂದರು. ಅಲ್ಲಿಗೂ ಮುಟ್ಟಿತ್ತು ಆ ಮಾತು.

ಕೊನೆಗೆ ಸೊಸೆಯನ್ನೇ ಹಿಡಿದೆ. "ಅತ್ತೆ, ನಮ್ ಕಡೆ ಯಾರಿಗೂ ಆ ಹಾಡು ಬರಲ್ಲ," ಎಂದಳು ದಿವ್ಯಾ. "ನಾನು ಕಟ್ಟಿ ಕಳಿಸ್ತೀನಿ, ನೀನು ನಿನ್ ಗೆಳತೇರಿಗೆ ಕಲಿಸು," ಎಂದೆ. ಹೀಗೆ, ನನ್ನನ್ನು ಬೈಯುವ ಹಾಡನ್ನು ನಾನೇ ಕಟ್ಟಲು ಕೂತೆ. ಅದೇನು ಸುಲಭವೆಂದುಕೊಂಡಿರಾ? ಬೇರೆಯವರ ಬೆನ್ನು ಕಂಡಷ್ಟು ಚೆನ್ನಾಗಿ ನಮ್ಮ ಬೆನ್ನು ನಮಗೆ ಕಾಣುವುದಿಲ್ಲ. ಮೊದಲು ಕಟ್ಟಿದ ಪದದಲ್ಲಿ ನಾನು ಬಂಗಾರದಂಥ ಬೀಗಿತ್ತಿಯಾಗಿದ್ದೆ. ಎರಡನೆಯದರಲ್ಲಿ ಧರ್ಮದೇವತೆಯೇ ಆಗಿಬಿಟ್ಟೆ. ಥೂ, ಎಂಥ ನಾಚಿಕೆಗೇಡು ಎಂದು ನನಗೇ ನಗು ಬಂತು. ಕೊನೆಗೂ ಒಂದು ಕುದುರಿತು:

ಯಲ್ಲದಕೆರೆಯಿಂದ ಬಂದಾಳೆ ಬೀಗಿತ್ತಿ
ಸೊಲ್ಲು ತೆಗೆದಾರೆ ಕಾಗೆ ಹಾರ್ಯಾವೆ, ಸಾಂಬಾರಿಗೆ
ಕಲ್ಲುಪ್ಪು ಎರಡು ಸಲ ಸುರಿದಾಳೆ

ಅದನ್ನು ವಾಟ್ಸಾಪಿನಲ್ಲಿ ದನಿ ತುಂಬಿ ದಿವ್ಯಾಗೆ ಕಳಿಸಿದೆ. ಜೊತೆಗೆ ಪಾಠವನ್ನೂ ಹೇಳಿದೆ: "ನಾಚ್ಕಬ್ಯಾಡ, ಬಾಯಿ ತುಂಬ ಬೈಬೇಕು. ಮೂಗಿನ ಮ್ಯಾಲೊಂದು ಪದ ನಾಳೆ ಕಳಿಸ್ತೀನಿ." ಕಳಿಸಿ ಹಾಯಾಗಿ ಪಾತ್ರೆ ತೊಳೆಯುತ್ತಿದ್ದೆ. ಕಲ್ಲೇಶ ಬೈಕು ನಿಲ್ಲಿಸಿ, ಹೆಲ್ಮೆಟ್ಟೂ ತೆಗೆಯದೆ ಒಳಗೆ ಬಂದ.

"ಅವ್ವ, ಏನವ್ವ ಇದು? ಮದ್ವೆ ಗ್ರೂಪಿಗೆ ಹಾಕೀಯಲ್ಲ. ಟೀ ಅಂಗಡ್ಯಾಗೆ ಎಲ್ಲಾರ ಮುಂದೆ ಏನೋ ಅಂತ ನಾನು ಜೋರಾಗಿ ಹಾಕ್ಬಿಟ್ಟೆ."

ದಿವ್ಯಾ ಎಂದು ಒತ್ತುವ ಬದಲು ಎರಡೂ ಕಡೆಯ ನೆಂಟರಿದ್ದ ಗುಂಪನ್ನೇ ಒತ್ತಿದ್ದೆ. ಬೀಗರು ಕೇಳಿದ್ದರು, ಬೀಗರ ಬೀಗರು ಕೇಳಿದ್ದರು. ಯಾರೂ ಒಂದಕ್ಷರ ಉತ್ತರ ಹಾಕಿರಲಿಲ್ಲ. ದಾಕ್ಷಾಯಿಣಿಯವರದು ಮಾತ್ರ ಒಂದು ಜೋಡಿಸಿದ ಕೈಯ ಚಿತ್ರ. ಅದು ನಮಸ್ಕಾರವೋ, ಸಾಕಮ್ಮ ತಾಯಿ ಎಂದೋ ತಿಳಿಯಲಿಲ್ಲ.

ಸಂಜೆ ಭಾವ ಬಂದರು. "ತನ್ನನ್ನ ತಾನೇ ಬೈಕೊಳ್ಳೋ ಬೀಗಿತ್ತೀನ ನಾನು ನೋಡಿರ್ಲಿಲ್ಲ. ಯಾಕಮ್ಮ ಹಿಂಗ್ ಮಾಡ್ದೆ?" ಎಂದರು.

ಬಾಯಿಗೆ ಬಿದ್ದಿದ್ದ ಬೀಗ ಆಗ ಕಳಚಿತು. "ಬ್ಯಾರೆ ಯಾರೂ ಬೈಯಲ್ವಲ್ಲ ಭಾವ. ಅವರು ಹೋದ ಮ್ಯಾಲೆ ನನ್ನ ಒಬ್ಬರಾದ್ರೂ ಬೈದೀರಾ? ನನ್ ಮಗನ ಮದ್ವೆಗೆ ನಾನು ಬೀಗಿತ್ತಿ ಅಲ್ವಾ?"

ಭಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಅಲ್ಲಿಗೆ ನನ್ನ ಸಂಗೀತದ ಆಯ್ಕೆ ಮುಗಿಯಿತೆಂದುಕೊಂಡೆ. ಮೂಗಿನ ಪದ ಕಳಿಸಲಿಲ್ಲ.

ಮದುವೆ ಹೊಳಲ್ಕೆರೆಯ ಕಲ್ಯಾಣ ಮಂಟಪದಲ್ಲಿ. ಹಿಂದಿನ ಸಂಜೆ ಡಿಜೆಯ ಸದ್ದಿಗೆ ನನ್ನ ಎಲೆ ಅಡಿಕೆಯ ಡಬ್ಬಿ ತಾನಾಗೇ ಕುಣಿಯಿತು. ನಾನು ಮೊದಲ ಬಾರಿಗೆ ನನಗಿಂತ ಜೋರು ದನಿ ಕೇಳಿ ತೆಪ್ಪಗೆ ಕೂತೆ. ಬೆಳಿಗ್ಗೆ ವಾಲಗದಲ್ಲಿ ಧಾರೆಯಾಯಿತು. ಕಂಬದ ಹಿಂದೆ ನಿಂತು ಅಕ್ಷತೆ ಹಾಕಿದೆ. ಅದು ಮದುಮಕ್ಕಳಿಗೆ ಮುಟ್ಟದೆ ಫೋಟೋದವನ ಕತ್ತಿನ ಮೇಲೆ ಬಿತ್ತು. ಭೂಮಕ್ಕೆ ಎಲೆ ಹಾಸುತ್ತಿದ್ದಂತೆ ನಾನು ಅಡುಗೆ ಮನೆಯ ಕಡೆ ಜಾರಿ ಬಾಗಿಲಲ್ಲಿ ನಿಂತೆ. ಓರಗಿತ್ತಿ ಹೊಸ ಸೀರೆ ಸರಿಮಾಡಿಕೊಳ್ಳುತ್ತ ಬೀಗಿತ್ತಿಯ ಎಲೆಯ ಮುಂದೆ ಕೂತರು.

"ಏಳ್ರಿ ಅಕ್ಕ, ನೀವಲ್ಲ," ಎಂದಿತು ಒಂದು ಟೀಚರ ದನಿ. ದಾಕ್ಷಾಯಿಣಿಯವರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಬೆನ್ನ ಹಿಂದೆ ಹೊಳಲ್ಕೆರೆಯ ಹೆಂಗಸರ ದಂಡು, ಅದರ ನಡುವೆ ನಮ್ಮ ಬಸಮ್ಮ. "ಗ್ರೂಪಿನಾಗೆ ಆ ಪದ ಕೇಳಿದ ಮ್ಯಾಲೆ ನಾವೂ ಹಾಡು ಕಟ್ಟೀವಿ, ಅದು ಚಂದ್ರಕ್ಕನ ಮ್ಯಾಲೆ. ಬ್ಯಾರೆಯೋರು ಕುಂತ್ರೆ ಹಾಡು ಹೊಂದಲ್ಲ. ಎಲ್ಲಿ ನಮ್ ಬೀಗಿತ್ತಿ?"

ಎಲ್ಲರೂ ಭಾವನ ಮುಖ ನೋಡಿದರು. ಅವರು ಗಂಟಲು ಸರಿಮಾಡಿಕೊಂಡು, "ಹಾಡಿಗೆ ತಕ್ಕೋಳೇ ಕೂರ್ಬೇಕಪ್ಪ. ಕರೀರಿ ಅವಳನ್ನ," ಎಂದರು. ಓರಗಿತ್ತಿಯೇ ಬಂದು ನನ್ನ ಕೈ ಹಿಡಿದು ಎಳೆದೊಯ್ದು ಕೂರಿಸಿದರು.

ದಾಕ್ಷಾಯಿಣಿಯವರು ಶಾಲೆಯ ಪ್ರಾರ್ಥನೆಯ ಧಾಟಿಯಲ್ಲಿ ಶುರುಮಾಡಿದರು. ನಾನು ಕಳಿಸಿದ್ದ ಪದವಲ್ಲ ಅದು, ಎಲ್ಲ ಹೊಸದು. ನನ್ನ ಗೊರಕೆ ಬಂತು, ಕಿಟಕಿ ಸೀಟಿನ ಜಗಳ ಬಂತು, ಮೂಗೂ ಬಂತು. ಬಸಮ್ಮ ಎಂಬ ಮನೆಮುರುಕಿ ನನ್ನ ಗುಟ್ಟುಗಳನ್ನೆಲ್ಲ ಹೊಳಲ್ಕೆರೆಗೆ ಸಾಗಿಸಿದ್ದಳು. ಮಂಟಪದಲ್ಲಿ ಉಂಡವರು ಉಣ್ಣದವರು ಎಲ್ಲ ಬಂದು ಸುತ್ತ ನಿಂತು ನಗುತ್ತಿದ್ದರು. ನನಗೆ ಹೊಟ್ಟೆ ತುಂಬಿ ಬರುತ್ತಿತ್ತು, ಇನ್ನೂ ತುತ್ತು ಎತ್ತಿರಲಿಲ್ಲ. ಆಗ ಅವರು ದನಿ ಏರಿಸಿದರು:

ಗಾಡೀಯ ಹಿಂದಿಂದ ಬಿದ್ದಾಳೆ ಬೀಗಿತ್ತಿ
ನೋಡದೆ ಹೋದಾನೆ ಏಕಾಂತಪ್ಪ, ಮನೆಯಾಗೆ
ಜೋಡೀನ ಹುಡುಕ್ಯಾನೆ ಹಿತ್ತಲಲ್ಲಿ

ನಮ್ಮ ಯಜಮಾನರ ಹೆಸರು. ಇಷ್ಟು ವರ್ಷ ನನ್ನೆದುರು ಯಾರೂ ಎತ್ತದ ಹೆಸರನ್ನು ಎತ್ತಿ, ಬದುಕಿರುವವರನ್ನು ಆಡಿಕೊಳ್ಳುವ ಹಾಗೆ ಆಡಿಕೊಂಡಿದ್ದರು. ಹಿಂದಿನಿಂದ ಬಸಮ್ಮ ಸೊಲ್ಲು ಹಿಡಿದಳು, ಹೆಂಗಸರೆಲ್ಲ ಸೇರಿದರು: "ಬೀಳಾ ಮುಂದೆ ಒಂದ್ ಮಾತು ಹೇಳಬಾರದೇನೆ, ಬೀಗಿತ್ತಿ, ಹೇಳಬಾರದೇನೆ?" ಭಾವ ಮುರುಗಪ್ಪನವರು ಹಲ್ಲು ಬಿಟ್ಟು ನಗುತ್ತಿದ್ದರು. ಅವರ ಹಲ್ಲು ತಮ್ಮನ ಹಲ್ಲಿನ ಹಾಗೇ ಇದೆ ಎಂದು ನನಗೆ ಆವತ್ತು ಗೊತ್ತಾಯಿತು.

ಹಾಡು ನಿಲ್ಲಿಸಿ ಅವರೆಲ್ಲ ನನ್ನ ಬಾಯಿ ನೋಡುತ್ತ ನಿಂತರು. ಬೀಗಿತ್ತಿ ತಿರುಗಿಸಿ ಕೊಡಬೇಕಲ್ಲ. ಇದ್ದ ದನಿಯೂ ಒಡೆದಿತ್ತು. ಆದರೂ ಬಂದದ್ದನ್ನು ಬಂದ ಹಾಗೆ ಹಾಡಿದೆ:

ಬೀಳೋಳು ಹೇಳಲಿಲ್ಲ ನಂದೇ ತಪ್ಪು ಬೀಗಿತ್ತಿ
ಬಾಳೆಲೆ ಮುಂದೆ ಒಪ್ಪೀನಿ, ನಿಮ ಬೀಗ
ಹೇಳಿ ಹೋದಾನೇನೆ ಹೋಗುವಾಗ

ಪಕ್ಕದಲ್ಲಿ ಕಲ್ಲೇಶನ ಕೈ ಎಲೆಯ ಮೇಲೆ ನಿಂತುಬಿಟ್ಟಿತು. ದಾಕ್ಷಾಯಿಣಿಯವರು ಬಗ್ಗಿ ಹೋಳಿಗೆ ಮುರಿದು ನನ್ನ ಬಾಯಿಗಿಟ್ಟರು, ಕಣ್ಣು ಒರೆಸಿಕೊಳ್ಳಲಿಲ್ಲ. ಆಗ ಹಿಂದಿನಿಂದ ಬಸಮ್ಮ, "ದನಿ ಹಂಗೇ ಐತೆ ನೋಡ್ರಿ, ಕಾಗೆ ಓಡ್ಸೋ ದನಿ," ಎಂದಳು. ಎಲ್ಲರೂ ಮತ್ತೆ ನಕ್ಕರು. ನಾನು ಅಳುತ್ತಲೇ ನಕ್ಕೆ, ಹೋಳಿಗೆ ನೆತ್ತಿಗೆ ಹತ್ತಿತು.

ಯಾರೂ ಪಾಪ ಅನ್ನಲಿಲ್ಲ. ನೀರು ಕುಡಿದು ಅನ್ನ ಕಲಸಿದೆ. ಸಾಂಬಾರಿಗೆ ಉಪ್ಪು ಕಡಿಮೆಯಾಗಿತ್ತು. ಬೀಗಿತ್ತಿಯಲ್ಲವೇ, ಎಲ್ಲರಿಗೂ ಕೇಳುವ ಹಾಗೆ ಹೇಳಿಯೇಬಿಟ್ಟೆ.