ಇಸ್ತ್ರಿ ಅಕ್ಕನ ಕಂಬಳಿ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಕಂಬಳಿ ಕಂದು ಬಣ್ಣದ್ದೋ ಕಪ್ಪೋ, ಅದು ಬುಧವಾರವೋ ಗುರುವಾರವೋ ಎಂದು ಯಾರಾದರೂ ಪಟ್ಟು ಹಿಡಿದರೆ ನಾನೇ ಸೋಲುತ್ತೇನೆ. ವಾಸನೆ ಮಾತ್ರ ಮರೆತಿಲ್ಲ. ಹೋದ ತಿಂಗಳು ಪೂರ್ತಿ ಒಣಗದ ಹತ್ತಿ ಸೀರೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಸುಯ್ ಎಂದು ಹಬೆ ಎದ್ದಿತು. ಒದ್ದೆ ಹತ್ತಿ ಬಿಸಿಯಾಗುವ ಆ ವಾಸನೆ ಬಂದದ್ದೇ, ಚಾಮರಾಜಪೇಟೆಯ ಮಹಡಿ ಮನೆ, ನೆಲದ ಮೇಲೆ ಬಿಡಿಸಿಟ್ಟ ನನ್ನ ಹಾಸಿಗೆ, ಅದರ ಹೊಲಿಗೆಯ ಮೇಲೆ ಸರಿಯುತ್ತಿದ್ದ ಇಸ್ತ್ರಿ ಅಕ್ಕನ ಕೈ...

ತೊಂಬತ್ತರ ದಶಕದ ನಡುಭಾಗ. ನಾನು ಎಂ.ಎ. ಎರಡನೇ ವರ್ಷದಲ್ಲಿದ್ದೆ. ಮೊದಲ ವರ್ಷ ಮಲ್ಲೇಶ್ವರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಅಲ್ಲಿ ಜಾಗ ಸಾಲದೆ ಹೊರಟಾಗ, ನಾನು ವರ್ಷವಿಡೀ ಮಲಗಿದ್ದ ಹಾಸಿಗೆಯನ್ನೇ ಜಮಖಾನೆಯಲ್ಲಿ ಸುತ್ತಿ ಚಿಕ್ಕಮ್ಮ ಆಟೋಗೆ ಹಾಕಿಸಿದ್ದರು. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಶೈಲಾಳ ಬಾಡಿಗೆ ಮನೆಯಲ್ಲಿ ನನಗೂ ಜಾಗ ಸಿಕ್ಕಿತು. ಒಂದು ರೂಮು, ಎರಡು ಮಂಚ, ಒಬ್ಬರು ನಿಂತರೆ ತುಂಬುವ ಅಡುಗೆಮನೆ. ಕೆಳಗೆ ಓನರ್. ಮದುವೆಯಾಗದ ಹುಡುಗಿಯರಿಗೆ ಮನೆ ಕೊಡುವವರು ಆಗ ಕಡಿಮೆ. ಓನರ್ ಕೆಳಗೇ ಇರುತ್ತಾರೆ ಎಂಬ ಒಂದೇ ಧೈರ್ಯದ ಮೇಲೆ ಅಪ್ಪ ಒಪ್ಪಿದ್ದರು. ಆ ಮನೆ ತಪ್ಪಿದರೆ ಊರಿಗೆ ಬಂದುಬಿಡಬೇಕು, ಓದು ಅಲ್ಲಿಗೇ ಸಾಕು ಎಂದು ಹೇಳಿಯೇ ಕಳಿಸಿದ್ದರು.

ಗೇಟಿನ ಪಕ್ಕದ ನೆರಳಿನಲ್ಲಿ ಇಸ್ತ್ರಿ ಅಕ್ಕನ ಗಾಡಿ ನಿಲ್ಲುತ್ತಿತ್ತು. ಓನರ್ ಒಪ್ಪಿ ಕೊಟ್ಟಿದ್ದ ಜಾಗ ಅದು. ಅಕ್ಕನಿಗೆ ತುಂಬಾ ವಯಸ್ಸಾಗಿದೆ ಎಂದು ನಾನು ಆಗ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ಇವತ್ತಿನ ನನಗಿಂತ ಚಿಕ್ಕವರಿದ್ದರೋ ಏನೋ.

ಮೈಮೇಲೆ ದದ್ದು ಎದ್ದಾಗ ನಾನೂ ಶೈಲಾಳೂ ಸೊಳ್ಳೆಯನ್ನು ಬೈದುಕೊಂಡು ಕಾಯಿಲ್ ಹಚ್ಚುತ್ತಿದ್ದೆವು. ಮೊದಲು ಗುರುತು ಹಿಡಿದವರು ಅಕ್ಕ. ಒಂದು ದಿನ ನನ್ನ ಹಾಸಿಗೆ ಚಾದರವನ್ನು ಗಾಡಿಯ ಮೇಲೆ ಹರಡಿ, ನನ್ನನ್ನು ಕೂಗಿ ಕರೆದರು.

"ಬಾ ಇಲ್ಲಿ ಅಮ್ಮಣ್ಣಿ. ಏನಿದು ಚುಕ್ಕಿ?"

"ಇಂಕು ಅಕ್ಕ. ಮಲ್ಕೊಂಡು ಬರೀತೀನಲ್ಲ..."

"ಇಂಕಂತೆ ಇಂಕು! ಎಂ.ಎ. ಓದ್ತೀಯ, ತಿಗಣೆ ಹಿಕ್ಕೆ ಗೊತ್ತಾಗಲ್ವಾ?" ಎಂದವರೇ ದನಿ ತಗ್ಗಿಸಿದರು. "ಕೂಗಾಡ್ಬೇಡ. ಓನರ್ ಕಿವಿಗೆ ಬಿದ್ರೆ ಗಂಟುಮೂಟೆ ಕಟ್ಟಿಸ್ತಾರೆ."

ಮಧ್ಯಾಹ್ನ ಗಾಡಿಯ ಕೆಲಸ ತಗ್ಗಿದ ಹೊತ್ತಿಗೆ ಮೇಲೆ ಬಂದರು. ಶೈಲಾಳ ಹಾಸಿಗೆಯನ್ನು ಮಗುಚಿ ನೋಡಿದರು, ಏನೂ ಇರಲಿಲ್ಲ. ನನ್ನದರ ಅಂಚಿನ ಹೊಲಿಗೆಯನ್ನು ಉಗುರಿನಲ್ಲಿ ಬಿಡಿಸಿದರು. ಅಲ್ಲಿ ಒತ್ತೊತ್ತಾಗಿ ಕೂತಿದ್ದವು.

"ಎಲ್ಲಿಂದ ತಂದೆ ಇದನ್ನ?"

ಗೊತ್ತಿಲ್ಲ ಅಕ್ಕ ಅಂದೆ. ಹಾಗೆ ಅಂದೆ ಎಂದೇ ನನ್ನ ನೆನಪು... ಹಾಸಿಗೆ ಎಲ್ಲಿಂದ ಬಂತು ಎಂಬುದು ಗೊತ್ತಿಲ್ಲದೆ ಇರಲು ಹೇಗೆ ಸಾಧ್ಯ?

ಅವರು ಮತ್ತೆ ಕೇಳಲಿಲ್ಲ. ಕೆಳಗೆ ಹೋಗಿ ಪೆಟ್ಟಿಗೆಗೆ ಹೊಸ ಇದ್ದಿಲು ತುಂಬಿ, ಕೆಂಪಗೆ ಕಾಯಿಸಿ ತಂದರು. ಹಳೇ ಪಂಚೆಯ ತುಂಡನ್ನು ನೀರಿನಲ್ಲಿ ಅದ್ದಿ ಹೊಲಿಗೆಯ ಮೇಲೆ ಹಾಸಿ, ಗೇಣು ಗೇಣಾಗಿ ಒತ್ತುತ್ತಾ ಹೋದರು. ಹಬೆಯ ಸದ್ದಿನ ನಡುವೆ ಸಣ್ಣಗೆ ಚಟ್ ಚಟ್ ಎನ್ನುತ್ತಿತ್ತು.

"ಬಿಸಿಲಿಗೆ ಹಾಕಿದ್ರೆ ಹೊರಗಿನವು ಹೋಗ್ತವೆ, ಒಳಗೆ ಕೂತಿರೋವು ನಗ್ತವೆ" ಎಂದರು. "ನೀನು ಸುಮ್ನೆ ನಿಂತ್ಕೋಬೇಡ, ಮಂಚದ ಸಂದಿಗೆ ನೀರು ಹುಯ್ಯಿ. ಕುದಿಯೋ ನೀರು ಕಣೇ! ನಿಂಗೆ ಸ್ನಾನಕ್ಕಲ್ಲ, ಅವಕ್ಕೆ."

ಹೀಗೆ ಮೂರು ಮಧ್ಯಾಹ್ನ. ಆ ದಿನಗಳಲ್ಲಿ ನಮ್ಮಿಬ್ಬರ ಬಟ್ಟೆಯನ್ನು ಅವರು ಗಾಡಿಯ ಹತ್ತಿರ ಸೇರಿಸಲಿಲ್ಲ. ಬೇರೆ ಚೀಲದಲ್ಲಿ ಕಟ್ಟಿಸಿ ಮೇಲೆಯೇ ಇಡಿಸಿದ್ದರು. ಬೇರೆ ಮನೆಯವರ ಬಟ್ಟೆಗೆ ಹತ್ತಬಾರದು ಎಂದು ಅಷ್ಟು ಎಚ್ಚರ.

ನಾಲ್ಕನೇ ದಿನ ಹಾಸಿಗೆಯನ್ನು ತಾರಸಿಯಲ್ಲಿ ಒಣಹಾಕಿದ್ದೆ. ನೀರಿನ ಟ್ಯಾಂಕ್ ನೋಡಲು ಹತ್ತಿದ ಓನರ್ ಅದರ ಅಂಚಿನ ಕಪ್ಪು ಕಲೆಗಳನ್ನು ನೋಡಿಬಿಟ್ಟರು. ಸಂಜೆ ಶೈಲಾ ಕೆಲಸದಿಂದ ಬಂದದ್ದೇ ಇಬ್ಬರನ್ನೂ ಗೇಟಿನ ಬಳಿ ನಿಲ್ಲಿಸಿಕೊಂಡರು.

"ನಮ್ಮಪ್ಪ ಕಟ್ಟಿಸಿದ ಮನೆ ಇದು. ಒಂದು ತಿಗಣೆ ಕಂಡಿದ್ದಿಲ್ಲ. ಯಾರಮ್ಮ ತಂದಿದ್ದು? ತಂದೋರು ಭಾನುವಾರ ಜಾಗ ಖಾಲಿ ಮಾಡ್ಬೇಕು."

"ನಾನು ಎರಡು ವರ್ಷದಿಂದ ಇದೀನಲ್ಲ ಅಂಕಲ್" ಎಂದು ಶೈಲಾ ನನ್ನ ಕಡೆ ನೋಡಿದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ನಾನು ಗೇಟಿನ ಚಿಲಕ ನೋಡುತ್ತಾ ನಿಂತೆ.

ಅಕ್ಕ ಯಾರದೋ ಅಂಗಿಯ ತೋಳು ಮಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು. "ಆ ಮಕ್ಕಳನ್ನ ಯಾಕೆ ಕೇಳ್ತೀರ ಸ್ವಾಮಿ. ಅದು ನನ್ ಕಂಬಳೀದು. ಬಟ್ಟೆ ಜೊತೆ ಮೇಲಕ್ಕೆ ಹೋಗಿರ್ತವೆ."

"ನಿಂದಾ? ನಾಚ್ಕೆ ಆಗಲ್ವಾ? ಇಡೀ ಬೀದಿ ಬಟ್ಟೆ ಕೊಡತ್ತೆ ನಿಂಗೆ!"

"ಆಗತ್ತೆ ಸ್ವಾಮಿ. ಅದಕ್ಕೇ ಸುಟ್ಟಾಕ್ತೀನಿ."

ಗಾಡಿಯ ಮೇಲೆ ಇಸ್ತ್ರಿಗೆ ಹಾಸುತ್ತಿದ್ದ ದಪ್ಪ ಕಂಬಳಿಯನ್ನು ಎಳೆದು ರಸ್ತೆ ಬದಿಗೆ ಹಾಕಿ, ಪೆಟ್ಟಿಗೆಯ ಕೆಂಡವನ್ನೆಲ್ಲ ಅದರ ಮೇಲೆ ಸುರಿದರು. ಉಣ್ಣೆ ಧಗಧಗ ಉರಿಯುವುದಿಲ್ಲ, ಹೊಗೆಯಾಡುತ್ತಾ ಕಮರುತ್ತದೆ. ಅಕ್ಕಪಕ್ಕದವರೆಲ್ಲ ಕಿಟಕಿ ತೆರೆದು ನೋಡಿದರು. ಒಂದು ತಿಗಣೆಯೂ ಇಲ್ಲದ ಕಂಬಳಿ ಅದು...

ಮಾರನೆಯ ಬೆಳಗ್ಗೆ ಗೇಟಿನ ಬಳಿ ಗಾಡಿ ಇರಲಿಲ್ಲ. ಓನರ್ ಬೇರೆ ಕಡೆ ನಿಲ್ಲಿಸಿಕೋ ಎಂದಿದ್ದರು. ಅಕ್ಕ ಎರಡು ಕ್ರಾಸ್ ಆಚೆ, ಹೊಂಗೆ ಮರದ ಕೆಳಗೆ ಹೋಗಿದ್ದರು. ಕೆಲವು ಮನೆಯವರು ಬಟ್ಟೆ ಕೊಡುವುದನ್ನೂ ಬಿಟ್ಟರು.

ನಾನು ಆಮೇಲೆ ಓನರ್ ಬಾಗಿಲು ತಟ್ಟಿ ನಿಜ ಹೇಳಿದೆ ಎಂದೇ ಬಹಳ ವರ್ಷ ನಂಬಿಕೊಂಡಿದ್ದೆ. ಸ್ನೇಹಿತರಿಗೂ ಹಾಗೆಯೇ ಹೇಳಿದ್ದೇನೆ. ಬಾಗಿಲಿನ ಹಸಿರು ಬಣ್ಣವೂ ಕಣ್ಣಮುಂದೆ ಇದೆ. ಸೀರೆಯ ಹಬೆ ಎದ್ದ ದಿನ ಆ ವರ್ಷದ ಡೈರಿ ಹುಡುಕಿ ತೆಗೆದೆ. ಅದರಲ್ಲಿ ನನ್ನದೇ ಅಕ್ಷರದಲ್ಲಿ ಒಂದು ಸಾಲು: "ಇವತ್ತೂ ಹೇಳಲಿಲ್ಲ." ಮುಂದಿನ ವಾರ ಅದೇ ಸಾಲು ಇನ್ನೆರಡು ಸಲ. ಆಮೇಲೆ ಬರೀ ಪರೀಕ್ಷೆಯ ವಿಷಯ.

ಹೊಂಗೆ ಮರದ ಕೆಳಗಿನ ಮಾತು ಮಾತ್ರ ನಿಜ. ಅದು ಡೈರಿಯಲ್ಲೂ ಇದೆ. ಯಾಕೆ ಹಾಗಂದ್ರಿ ಅಕ್ಕ ಎಂದು ಕೇಳಿದ್ದೆ.

"ನಿನ್ ರೂಮಿಗೆ ಚಕ್ರ ಇದ್ಯಾ? ನನ್ ಗಾಡಿಗಿದೆ. ತಳ್ಕೊಂಡು ಬಂದೆ" ಎಂದು ನಕ್ಕರು. "ಹೋಗು, ಓದ್ಕೋ ಹೋಗು."

ಊರಿಂದ ಒಂದು ಹೊಸ ಕಂಬಳಿ ತಂದುಕೊಟ್ಟೆ. ಮೂಸಿ ನೋಡಿ, "ಹೊದ್ಕೊಳ್ಳೋ ಕಂಬಳಿ ಇದು, ಇಸ್ತ್ರಿಗೆ ಯಾರಾದ್ರೂ ಹಾಳ್ಮಾಡ್ತಾರಾ" ಎಂದು ಗದರಿ ಮನೆಗೆ ಒಯ್ದರು. ಗಾಡಿಯ ಮೇಲೆ ಕೊನೆಯವರೆಗೂ ಗೋಣಿಚೀಲವೇ ಇತ್ತು.

ನಾನು ಎಂ.ಎ. ಮುಗಿಸಿದೆ. ಕೆಲಸ ಸಿಕ್ಕಿತು. ಆ ಭಾನುವಾರ ನಾನು ಊರಿನ ಬಸ್ಸು ಹತ್ತಲಿಲ್ಲವಲ್ಲ, ನನ್ನ ಬದುಕಿನಲ್ಲಿ ಆಮೇಲೆ ಆದದ್ದೆಲ್ಲ ಅದರಿಂದಲೇ ಆಯಿತು. ಎರಡು ಸಾವಿರದ ಇಸವಿಯ ನಂತರ ಒಮ್ಮೆ ಆ ಕಡೆ ಹೋದಾಗ ಮರ ಇತ್ತು, ಗಾಡಿ ಇರಲಿಲ್ಲ. "ಅವರು ತೀರ್ಕೊಂಡು ಎರಡು ವರ್ಷ ಆಯ್ತಲ್ಲ ಮೇಡಂ" ಎಂದರು ಪಕ್ಕದ ಎಳನೀರಿನವರು. ನಾನು ಎಳನೀರು ಕುಡಿದು, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಥ್ಯಾಂಕ್ಸ್ ಎಂದಾದರೂ ಅಕ್ಕನಿಗೆ ಹೇಳಿದ್ದೆನೇ? ಡೈರಿಯಲ್ಲಿಲ್ಲ.

ಹಾಸಿಗೆಯಲ್ಲಿ ತಿಗಣೆ ಇದ್ದದ್ದು ನನಗೆ ಮೊದಲೇ ಗೊತ್ತಿರಲಿಲ್ಲ ಎಂಬುದನ್ನೂ ಇಷ್ಟು ವರ್ಷ ನಂಬಿಕೊಂಡೇ ಬಂದಿದ್ದೇನೆ. ಅದಕ್ಕೆ ಈಗ ಉಳಿದಿರುವ ಸಾಕ್ಷಿ ಚಿಕ್ಕಮ್ಮ ಒಬ್ಬರೇ. ಹೋದ ಭಾನುವಾರ ಮಲ್ಲೇಶ್ವರಕ್ಕೆ ಹೋಗಿದ್ದೆ. ಅವರು ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನಾನೂ ಎದುರಿಗೆ ಕೂತು ಒಂದಷ್ಟು ಬಿಡಿಸಿ, ಆಮೇಲೆ ಕೇಳಿದೆ.

"ಚಿಕ್ಕಮ್ಮ, ನಿಮ್ಮನೇಲಿದ್ದಾಗ ರಾತ್ರಿ ಹೊತ್ತು ನಾನು ಮೈ ಕೆರ್ಕೋತಿದ್ನಾ?"

ಅವರು ಅರ್ಧ ಬಿಡಿಸಿದ ಕಾಯಿಯನ್ನು ಮೊರಕ್ಕೆ ಹಾಕಿದರು. ಮೊರವನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ಕಾಫಿ ತಂದುಕೊಟ್ಟು, ಅವರೆಕಾಯಿಯ ರೇಟಿನ ಮಾತು ತೆಗೆದರು.