ತಳದ ಸಾಲು

ಗಜೇಂದ್ರಗಡದಲ್ಲಿ ನಮ್ಮ ಬಟ್ಟೆ ಅಂಗಡಿಯ ಪಕ್ಕದಲ್ಲೇ ಮುದ್ರಕರೊಬ್ಬರ ಛಾಪಖಾನೆ. ಎಲ್ಲರೂ ಕರಪತ್ರದ ಅಚ್ಚುಮೊಳೆಗಳನ್ನು ತಲೆಬರಹದಿಂದ ಜೋಡಿಸಿದರೆ ಅವರು ತಳದಿಂದ ಶುರು ಮಾಡುತ್ತಿದ್ದರು. ಯಾರು ಹಂಚುವವರು, ಯಾರು ಛಾಪಿಸಿದವರು ಎಂಬ ಸಾಲು ಅಲ್ಲಿ ಇರಲೇಬೇಕೆಂದು ಕಾಯಿದೆಯಿತ್ತು. ಅದನ್ನು ಕೂಡಿಸಿ, ಮಸಿಯ ಬೆರಳನ್ನು ಧೋತರದ ಅಂಚಿಗೆ ಒರೆಸಿ, “ಹೆಸರು ಮೊದಲ, ಮಾತು ಆಮ್ಯಾಲ” ಎನ್ನುತ್ತಿದ್ದರು.

ಆ ಸಲದ ಚುನಾವಣೆಯಲ್ಲಿ ಒಬ್ಬ ಪುಢಾರಿ ಬಂದು, ಎದುರು ನಿಂತ ಉಮೇದುವಾರನ ವಿಧವೆ ತಂಗಿಯ ಬಗ್ಗೆ ಹೊಲಸು ಬರೆದ ಹಾಳೆ ಚಾಚಿದ.

“ಕೆಳಗ ಯಾರ ಹೆಸರು ಹಾಕ್ಲಿರಿ?”

“ಯಾರದೂ ಬ್ಯಾಡ್ರಿ.”

ಅವರು ಹಾಳೆ ಮಡಚಿ ವಾಪಸು ಕೊಟ್ಟರು.

ಸಂತೆಯ ದಿನ ಅದೇ ಬರಹ ಅಚ್ಚಾಗಿ ಊರ ತುಂಬ ಹಂಚಿಹೋಯಿತು. ಎಲ್ಲಿ ಛಾಪಿಸಿದರೋ ದೇವರೇ ಬಲ್ಲ. ತಳದಲ್ಲಿ ಮಾತ್ರ ಛಾಪಿಸಿದವರೆಂದು ಈ ಮುದ್ರಕರ ಹೆಸರಿತ್ತು. ಇವರು ಕಟ್ಟೆಯಿಂದ ಕಟ್ಟೆಗೆ ಅಲೆದು “ಇದು ನಂದಲ್ರಿ, ಇಂಥಾ ಮೊಳೀನ ನನ್ನ ಹಂತ್ಯಾಕ ಇಲ್ಲ” ಎಂದರು. ಹಿರಿಯರೊಬ್ಬರು ಸಮಾಧಾನ ಹೇಳುವವರಂತೆ, “ಹೆದರಬ್ಯಾಡ್ರಿ. ನೀವು ಛಾಪಿಸೀರಿ ಅಂದಮ್ಯಾಲ ಖರೇನ ಇರಬೇಕು” ಎಂದರು.

ಆ ಹೆಣ್ಣುಮಗಳು ಬಾವಿಗೆ ನೀರಿಗೆ ಬರುವುದನ್ನು ಬಿಟ್ಟಳು. ಬಾವಿ ಛಾಪಖಾನೆಯ ಎದುರಿಗೇ ಇತ್ತು. ಅವರು ಆ ಕಡೆಯ ಕಿಟಕಿ ಮುಚ್ಚಿಸಿದರು.

ಮುಂದೆ ನನ್ನ ತಂಗಿಯ ಲಗ್ನಪತ್ರಿಕೆಯನ್ನು ಅವರೇ ಛಾಪಿಸಿಕೊಟ್ಟರು. ತಳ ಖಾಲಿಯಿತ್ತು.

“ನಿಮ್ಮ ಹೆಸರು ಹಾಕಿಲ್ಲಲ್ರಿ?”

ಅವರು ಬೆರಳನ್ನು ಧೋತರದ ಅಂಚಿಗೆ ಒರೆಸಿಕೊಂಡರು.

“ಬ್ಯಾಡ ತಮ್ಮಾ. ಅದು ಇದ್ದರ ಜನ ಏನ ಬರದ್ರೂ ನಂಬತಾರ.”