ಬಂಗು, ಪೀಲಿಂಗು, ಅರಿಷಿಣ

ಕನ್ನಡಿಯನ್ನು ಎಷ್ಟು ಒರೆಸಿದರೂ ಕೆನ್ನೆಯ ಬಂಗು ಹೋಗುವುದಿಲ್ಲ ಎಂಬ ಸರಳ ಸತ್ಯವನ್ನು ಅರಿಯಲು, ಓದುಗ ಮಹಾಶಯರೇ, ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೇ ಹಲವು ವರ್ಷ ಬೇಕಾದವು. ಕುಷ್ಟಗಿಯ ಬಿಸಿಲಲ್ಲಿ ನಡೆದು ಸಂಪಾದಿಸಿದ ಈ ಕಂದು ಭೂಪಟದ ದೆಸೆಯಿಂದ, ಬಂಧುಗಳ ಮದುವೆಯ ಫೋಟೊಗಳಲ್ಲೆಲ್ಲ ನಾನು ಯಾರದೋ ಬೆನ್ನ ಹಿಂದಿನ ಸೆರಗು ಮಾತ್ರ.

ತಾವರಗೇರಾದಲ್ಲಿ ಅಣ್ಣನ ಮಗಳು ಗಿರಿಜಾಳ ಮದುವೆ ಗೊತ್ತಾದಾಗ ನಿರ್ಧರಿಸಿಬಿಟ್ಟೆ: ನಾನೆತ್ತಿ ಆಡಿಸಿದ ಕೂಸು, ಅವಳ ಪಕ್ಕದಲ್ಲಿಯೇ, ಪೂರ್ಣಮುಖಿಯಾಗಿ, ಫೋಟೊದಲ್ಲಿ ಇರತಕ್ಕದ್ದು. ಮದುವೆಗೆ ನಾಲ್ಕು ದಿನವಿದ್ದಾಗ ಗಂಗಾವತಿಯ ಚರ್ಮದ ಡಾಕ್ಟರ ಬಳಿ ಹೋದೆ. ಪಾರ್ಲರಿನ ಫೇಶಿಯಲ್ಲಿನ ಹಾಗೆ, ಔಷಧಿ ಹಚ್ಚಿ ಮುಖದ ಮೇಲ್ಚರ್ಮ ಸುಲಿಯುವ ಈ ಪೀಲಿಂಗೂ ಒಳಗೆ ಹೋದವರನ್ನು ಹೊಳೆಯಿಸಿ ಹೊರಗೆ ಕಳಿಸುತ್ತದೆಂದೇ ನನ್ನ ಪಾಂಡಿತ್ಯ. "ಮನಿಯಾಗ ಏನರ ಕಾರ್ಯ ಐತೇನ್ರಿ?" ಎಂದು ಡಾಕ್ಟರಮ್ಮ ಕೇಳಿದಾಗ, ಈ ವಯಸ್ಸಿನಲ್ಲಿ ಮದುವೆಗಾಗಿ ಸಿಂಗರಿಸಿಕೊಳ್ಳುವವಳೆಂದು ತಿಳಿದಾರೆಂಬ ಬಿಗುಮಾನದಿಂದ "ಏನಿಲ್ರಿ" ಎಂದುಬಿಟ್ಟೆ.

ದ್ರವ ಹಚ್ಚಿದೊಡನೆ, ಮೆಣಸಿನಕಾಯಿ ಹೆಚ್ಚಿದ ಕೈಯಿಂದ ಮುಖ ಮುಟ್ಟಿಕೊಂಡಂತೆ ಚುರುಚುರು. ಬಳಿಕ ಉಪದೇಶ: ಮೂರನೆಯ ದಿನದಿಂದ ಚರ್ಮ ಸಿಪ್ಪೆಯೇಳುತ್ತದೆ, ಕೀಳಬಾರದು, ವಾರವಿಡೀ ಮುಖಕ್ಕೆ ಏನನ್ನೂ ಹಚ್ಚಿ ತಿಕ್ಕಬಾರದು, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಮರೆಯಬಾರದು, ಬಂಗು ತಿಳಿಯಾಗಲು ಹಲವು ಸಲ ಬರಬೇಕು, ಪೂರ್ತಿ ಹೋದೀತೆಂಬ ಭರವಸೆಯಿಲ್ಲ. ಕೇಳುತ್ತ ಕೇಳುತ್ತ ನನ್ನ ಪೂರ್ಣಮುಖ ಅರ್ಧಕ್ಕಿಳಿಯಿತು.

ಅರಿಷಿಣದ ದಿನ ಕೆನ್ನೆಗಳು ಹಳೆಯ ಗೋಡೆಯ ಸುಣ್ಣದಂತೆ ಎದ್ದಿದ್ದವು. ಹೋಗದಿರಲೇ ಎನ್ನಿಸಿದ್ದು ನಿಜ. ಆದರೆ ಬಂಗು ಹೋಗಲೆಂಬ ಆಸೆಯೂ ನನ್ನದೇ, ಅದು ಹೋಗುವವರೆಗೆ ಹೊತ್ತು ತಿರುಗಬೇಕಾದ ಮುಖವೂ ನನ್ನದೇ. ಹೋದೆ. ನಮ್ಮಲ್ಲಿ ಮದುಮಗಳಿಗೆ ಅರಿಷಿಣ ಹಚ್ಚಿದವರ ಮುಖಕ್ಕೂ ಅದನ್ನೇ ಬಳಿಯುವ ರೂಢಿ. ಸೋದರತ್ತೆಯನ್ನಂತೂ ಯಾರೂ ಬಿಡುವುದಿಲ್ಲ. ಗಿರಿಜಾಳ ತಾಯಿ, ನನ್ನ ಅತ್ತಿಗೆ, ಎರಡೂ ಅಂಗೈಗೆ ಅರಿಷಿಣ ಮೆತ್ತಿಕೊಂಡು ಬಂದರು.

"ಮಾರಿಗೆ ಬ್ಯಾಡ್ರಿ ಅತ್ತಿಗಿ, ಪೀಲಿಂಗ್ ಮಾಡಿಸೇನಿ. ಡಾಕ್ಟರ್ ಬ್ಯಾಡಂದಾರ," ಎಂದೆ.

"ನನ್ನ ಮಗಳ ಅರಿಷಿಣ ಬ್ಯಾಡಾತೇನವಾ ನಿನಗ?"

ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿ ನನ್ನತ್ತ ತಿರುಗಿದರು. ನನಗೆ ಅಳು ಬಂತು. ಆದರೂ ಮುಖ ಒಡ್ಡಲಿಲ್ಲ, ಮುಚ್ಚಿಕೊಳ್ಳಲೂ ಇಲ್ಲ.

ಹಿರಿಯರು ಬೇಡವೆನ್ನುತ್ತಿದ್ದರೂ ಗಿರಿಜಾ ಮಣೆಯಿಂದೆದ್ದು ಬಂದು ನನ್ನೆದುರು ಕುಳಿತಳು. "ಅತ್ತಿ, ಮಾರಿ ಬ್ಯಾಡಂದ್ರ ಕಾಲರ ಕೊಡ್ರಿ," ಎಂದು ತನ್ನ ಕೆನ್ನೆಯ ಅರಿಷಿಣವನ್ನೇ ತೆಗೆದು ನನ್ನ ಪಾದಗಳಿಗೆ ಹಚ್ಚಿದಳು. ಅತ್ತಿಗೆಯೂ ಬಗ್ಗಿ ತಮ್ಮ ಕೈಯಲ್ಲಿದ್ದುದನ್ನು ಅಲ್ಲಿಯೇ ಬಳಿದರು. ಹಾಡು ಮತ್ತೆ ಶುರುವಾಯಿತು.

ಫೋಟೊದವನು ಓಡಿಬಂದ. "ಅಮ್ಮಾರ, ನಿಮ್ಮ ಮಾರಿ ಆಮ್ಯಾಲ ಕಂಪ್ಯೂಟರ್‌ನಾಗ ನುಣ್ಣಗ ಮಾಡ್ತೀನ್ರಿ."

"ಬ್ಯಾಡಪಾ. ಅದಕ್ಕಂತನ ಮುಂದಿನ ತಿಂಗಳ ಮತ್ತ ಗಂಗಾವತಿಗೆ ಹೊಂಟೀನಿ. ಇವತ್ತಿಂದು ಇದ್ದಂಗ ತಗಿ."

ಕಣ್ಣೀರು ತಾಗಿ ಕೆನ್ನೆ ಉರಿಯುತ್ತಿತ್ತು. ಗಿರಿಜಾಳ ಕೈಹಿಡಿದು, ಕ್ಯಾಮೆರಾವನ್ನೇ ನೆಟ್ಟಗೆ ನೋಡಿದೆ.